ವಾರವೆಲ್ಲ ಬೀರುವಿನಲ್ಲಿ, ಪ್ರವಾಸಕ್ಕೆ ಮಾತ್ರ ಕೈಯಲ್ಲಿ

ಪ್ರಶ್ನೆ: ನಾನು ಆಫೀಸೊಂದರಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತೇನೆ. ಫೋಟೊ ತೆಗೆಯುವುದು ಹವ್ಯಾಸ. ಕೆಲಸದ ದಿನಗಳಲ್ಲಿ ಕ್ಯಾಮೆರಾ ಮುಟ್ಟುವುದಕ್ಕೇ ಆಗುವುದಿಲ್ಲ. ಆಫೀಸಿನಲ್ಲಿ ಏನೇ ಕಾರ್ಯಕ್ರಮ ಇದ್ದರೂ ‘ನೀನೇ ತೆಗಿ’ ಅಂತಾರೆ. ಆಮೇಲೆ ‘ನಂದು ಯಾವಾಗ ಕಳಿಸ್ತೀಯ’ ಅಂತ ಬೆನ್ನು ಬೀಳುತ್ತಾರೆ. ಗೆಳೆಯರ ಜೊತೆ ಪ್ರವಾಸ ಹೋದರೆ, ನಾನು ಅಲ್ಲಲ್ಲೇ ನಿಲ್ಲುತ್ತೇನೆ ಅಂತ ಅವರಿಗೆ ಸಿಟ್ಟು. ಹೋದ ಸಲ ಒಬ್ಬ ‘ನಿನ್ನ ಜೊತೆ ಬಂದ್ರೆ ಬರೀ ಕಾಯೋದೇ ಆಯ್ತು’ ಅಂತ ಎಲ್ಲರ ಎದುರು ಹೇಳಿಬಿಟ್ಟ. ಮನೆಗೆ ಬಂದು ನೋಡಿದರೆ ಎರಡು ಸಾವಿರ ಫೋಟೊ. ಅದರಲ್ಲಿ ಗೆಳೆಯರು ಇರುವುದು ಬೆರಳೆಣಿಕೆಯಷ್ಟು. ನಾನಂತೂ ಒಂದರಲ್ಲೂ ಇಲ್ಲ. ಇನ್ನು ಮೇಲೆ ಒಬ್ಬನೇ ಪ್ರವಾಸ ಹೋಗಲಾ? ಒಂದು ಒಳ್ಳೆ ಲೆನ್ಸ್ ತಗೊಂಡರೆ ಏನಾದರೂ ಸರಿಹೋಗುತ್ತಾ?

ಉತ್ತರ: ಒಬ್ಬರೇ ಹೋಗುವ ಯೋಚನೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಲೆನ್ಸಿನ ವಿಷಯ ಕೊನೆಗೆ ಹೇಳುತ್ತೇನೆ. ಆಫೀಸಿನದ್ದು ಒಂದು ತೊಂದರೆ, ಗೆಳೆಯರದ್ದು ಇನ್ನೊಂದು, ಟೈಮ್ ಇಲ್ಲದಿರುವುದು ಮತ್ತೊಂದು ಅಂತ ನೀವು ಬರೆದಿದ್ದೀರಿ. ನನಗೆ ಕಾಣುವುದು ಒಂದೇ ತೊಂದರೆ. ನಿಮ್ಮ ಕ್ಯಾಮೆರಾ ಹೊರಗೆ ಬರುವುದು ಪ್ರವಾಸಕ್ಕೆ ಮಾತ್ರ. ತಿಂಗಳುಗಟ್ಟಲೆ ತಡೆದಿಟ್ಟ ಆಸೆಯೆಲ್ಲ ಆ ಮೂರ್ನಾಲ್ಕು ದಿನದ ಮೇಲೆ ಬಂದು ಬೀಳುತ್ತದೆ. ಉಪವಾಸ ಇದ್ದವನ ಮುಂದೆ ಎಲೆ ಹಾಕಿದ ಹಾಗೆ. ಕಂಡದ್ದೆಲ್ಲ ಬೇಕು, ಪ್ರತಿ ತಿರುವಿನಲ್ಲೂ ನಿಲ್ಲಬೇಕು. ಆಗ ಗೆಳೆಯರೇ ಅಡ್ಡಿ ಅನ್ನಿಸಿಬಿಡುತ್ತದೆ. ಪ್ರವಾಸದ ಜಗಳಕ್ಕೆ ಮದ್ದು ಬೇಕಿದ್ದರೆ ಸೋಮವಾರದಿಂದ ಶುಕ್ರವಾರದ ಒಳಗೇ ಹುಡುಕಬೇಕು. ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

ಕೆಲಸದ ದಿನ ಟೈಮ್ ಸಿಗುವುದಿಲ್ಲ ಅಂತ ನನ್ನ ಹತ್ತಿರ ಕಲಿಯಲು ಬರುವವರಲ್ಲಿ ಬಹಳ ಜನ ಹೇಳುತ್ತಾರೆ. ಅದಕ್ಕಾಗಿಯೇ ಒಂದು ಗಂಟೆ ತೆಗೆದಿಡಿ ಅಂದರೆ ಯಾರಿಗೂ ಆಗುವುದಿಲ್ಲ, ನಿಜ. ಆದರೆ ನೀವು ದಿನಾ ಆಫೀಸಿಗೆ ಹೋಗಿ ಬರುತ್ತೀರಿ. ಅದೇ ದಾರಿ, ಹೆಚ್ಚು ಕಡಿಮೆ ಅದೇ ಹೊತ್ತು. ಫೋಟೊ ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ ಅಂತ ನಾನು ಪೂರ್ತಿ ನಂಬಿದ್ದೇನೆ. ಜಾಗ ಬದಲಾಗದೆ ಇದ್ದಾಗ ಬೆಳಕು ಬದಲಾಗುವುದು ಕಣ್ಣಿಗೆ ಬೀಳುತ್ತದೆ. ಈ ಗೋಡೆಯ ಮೇಲೆ ಈ ತಿಂಗಳು ನೆರಳು ಎಲ್ಲಿಗೆ ಬರುತ್ತದೆ, ಮಳೆ ಬಂದ ಮೇಲೆ ಬಸ್ಸಿನ ಗಾಜಿನ ಹಿಂದೆ ಮುಖಗಳು ಹೇಗೆ ಕಾಣುತ್ತವೆ, ಯಾವ ಮೂಲೆಯಲ್ಲಿ ಸಂಜೆ ಬಿಸಿಲು ನೆಲದಿಂದ ಪುಟಿದು ನಡೆದುಹೋಗುವವರ ಮುಖದ ಮೇಲೆ ಬೀಳುತ್ತದೆ. ಪ್ರವಾಸದಲ್ಲಿ ಒಂದು ಜಾಗವನ್ನು ಒಂದೇ ಸಲ ನೋಡುತ್ತೀರಿ. ಅವತ್ತು ಬೆಳಕು ಕೈಕೊಟ್ಟರೆ ಮುಗೀತು. ದಿನದ ದಾರಿಯಲ್ಲಿ ನಾಳೆ ಮತ್ತೆ ಹೋಗಿ ನೋಡಬಹುದು.

ಸಾಲ್ ಲೈಟರ್ ಅನ್ನುವ ಛಾಯಾಗ್ರಾಹಕರಿದ್ದರು. ಹೊಟ್ಟೆಪಾಡಿಗೆ ಫ್ಯಾಷನ್ ಪತ್ರಿಕೆಗಳಿಗೆ ಕೆಲಸ ಮಾಡುತ್ತಿದ್ದರು. ಇವತ್ತು ಜನ ಅವರನ್ನು ನೆನಪಿಡುವುದು, ನ್ಯೂಯಾರ್ಕಿನ ತಮ್ಮ ಮನೆಯ ಆಸುಪಾಸಿನ ಬೀದಿಗಳಲ್ಲಿ ತಮ್ಮ ಖುಷಿಗೆ ತೆಗೆದ ಫೋಟೊಗಳಿಂದ. ಮಂಜು ಹಿಡಿದ ಗಾಜು, ಕೊಡೆ, ಹಿಮದಲ್ಲಿ ಒಂದು ಕೆಂಪು ಬಣ್ಣ. ಅವರು ತೀರಿಕೊಂಡದ್ದು 2013ರಲ್ಲಿ. ಅಲ್ಲಿಯವರೆಗೆ ದಶಕಗಟ್ಟಲೆ ಅದೇ ಬಡಾವಣೆಯಲ್ಲಿ ಅವರಿಗೆ ಫೋಟೊ ಸಿಗುತ್ತಲೇ ಇತ್ತು. ವಿವಿಯನ್ ಮೇಯರ್ ಹೆಸರು ನೀವು ಕೇಳಿರಬಹುದು. ಷಿಕಾಗೊದಲ್ಲಿ ಬೇರೆಯವರ ಮಕ್ಕಳನ್ನು ನೋಡಿಕೊಳ್ಳುವುದು ಅವರ ಕೆಲಸ. ಕೊರಳಲ್ಲಿ ರೋಲಿಫ್ಲೆಕ್ಸ್ ಕ್ಯಾಮೆರಾ ಹಾಕಿಕೊಂಡು ಆ ಮಕ್ಕಳನ್ನು ಕರೆದುಕೊಂಡೇ ಊರು ಸುತ್ತುತ್ತಿದ್ದರು. ಅವರ ನೆಗೆಟಿವ್‌ಗಳು 2007ರಲ್ಲಿ ಹರಾಜಿಗೆ ಬಂದಾಗಲೇ ಹೊರಗಿನ ಜನಕ್ಕೆ ಸುಳಿವು ಸಿಕ್ಕಿದ್ದು. ಒಟ್ಟು ಒಂದು ಲಕ್ಷಕ್ಕೂ ಜಾಸ್ತಿ. ಕೆಲಸ ಬಿಟ್ಟು ಅವರು ಎಲ್ಲಿಗೂ ಹೋಗಬೇಕಾಗಲಿಲ್ಲ. ಕೆಲಸದ ಜೊತೆಗೇ ಕ್ಯಾಮೆರಾ ಇತ್ತು.

ನಿಮಗೆ ಬೇಕಾದದ್ದೂ ಅಷ್ಟೇ. ಕ್ಯಾಮೆರಾ ಬೀರುವಿನಿಂದ ಆಫೀಸಿನ ಚೀಲಕ್ಕೆ ಬರಬೇಕು. ದೊಡ್ಡ ಜೂಮ್ ಲೆನ್ಸ್ ಹಾಕಿ ಒಯ್ಯುತ್ತೇನೆ ಅಂದರೆ ಮೂರನೇ ದಿನಕ್ಕೆ ಭುಜ ನೋಯುತ್ತದೆ, ನಾಲ್ಕನೇ ದಿನ ಮನೆಯಲ್ಲೇ ಬಿಡುತ್ತೀರಿ. ಇರುವುದರಲ್ಲಿ ಅತಿ ಚಿಕ್ಕ ಲೆನ್ಸ್ ಹಾಕಿ. ಕ್ಯಾಮೆರಾ ಆನ್ ಮಾಡಿದ ತಕ್ಷಣ ತೆಗೆಯುವ ಹಾಗೆ ಸೆಟ್ ಮಾಡಿಡಿ: ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿ, ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ಎಫ್ 5.6, ಐಎಸ್ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ) ಆಟೊ, ಶಟರ್ (ಬೆಳಕು ಒಳಗೆ ಬಿಡುವ ಹೊತ್ತು) 1/250 ಸೆಕೆಂಡಿಗಿಂತ ನಿಧಾನ ಆಗದ ಹಾಗೆ ಮಿತಿ. ನಡೆಯುವವರು ಮಸುಕಾಗದಿರಲು ಹಗಲಲ್ಲಿ ಇಷ್ಟು ಸಾಕು. ದಿನಾ ಒಂದು ಫೋಟೊ ತೆಗೆಯಲೇಬೇಕು ಅನ್ನುವ ವ್ರತ ಬೇಡ. ಅಂಥ ವ್ರತ ಹಿಡಿದವರು ರಾತ್ರಿ ಹನ್ನೊಂದಕ್ಕೆ ಟೇಬಲ್ ಲ್ಯಾಂಪಿನ ಫೋಟೊ ತೆಗೆದು ಲೆಕ್ಕ ತುಂಬಿಸುವುದನ್ನು ನೋಡಿದ್ದೇನೆ. ಕ್ಯಾಮೆರಾ ಜೊತೆಗಿರಲಿ. ಕಂಡ ದಿನ ತೆಗೆಯಿರಿ, ಕಾಣದ ದಿನ ಸುಮ್ನೆ ನಡೆಯಿರಿ.

ಇನ್ನು ಆಫೀಸು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಹವ್ಯಾಸಿಗಳು ಜಾಸ್ತಿ ಕಡೆಗಣಿಸುವ ಜಾಗ ಇದೇ.

ಎಚ್ಚರಿರುವ ಹೊತ್ತಿನಲ್ಲಿ ಹೆಚ್ಚಿನ ಪಾಲು ನೀವು ಕಳೆಯುವುದು ಆಫೀಸಿನಲ್ಲಿ, ಅಲ್ವಾ? ಆದರೂ ಬಹಳ ಜನರ ಹತ್ತಿರ ತಾವು ಕೆಲಸ ಮಾಡಿದ ಜಾಗದ ಒಂದು ಒಳ್ಳೆ ಫೋಟೊ ಇರುವುದಿಲ್ಲ. ಬೀಳ್ಕೊಡುಗೆಯ ದಿನ ಹಾರ ಹಾಕಿಕೊಂಡು ಸಾಲಾಗಿ ನಿಂತದ್ದು ಇರುತ್ತದೆ. ಆ ಮನುಷ್ಯ ಇಪ್ಪತ್ತು ವರ್ಷ ಕೂತ ಕುರ್ಚಿಯಲ್ಲಿ ಹೇಗೆ ಕೂರುತ್ತಿದ್ದರು ಅನ್ನುವುದು ಇರುವುದಿಲ್ಲ. ನನ್ನ ಹತ್ತಿರ ಕಲಿಯುತ್ತಿದ್ದ ಒಬ್ಬರು ತಮ್ಮ ಹಿರಿಯ ಸಹೋದ್ಯೋಗಿಯ ಒಂದು ಫೋಟೊ ತಂದು ತೋರಿಸಿದ್ದರು. ಕನ್ನಡಕ ಹಣೆಯ ಮೇಲಕ್ಕೆ ಸರಿದಿದೆ. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿ ಹಿಡಿದಿದ್ದಾರೆ. ಬಲಗೈ ಕ್ಯಾಲ್ಕುಲೇಟರ್ ಮೇಲೆ, ಎಡಗೈ ಬೆರಳು ಕಾಗದದ ಒಂದು ಸಾಲನ್ನು ಒತ್ತಿ ಹಿಡಿದಿದೆ, ಎಲ್ಲಿದ್ದೆವು ಅನ್ನುವುದು ತಪ್ಪಿಹೋಗದಿರಲಿ ಅಂತ. ಬೆಳಕು ಬರೀ ಕಿಟಕಿಯದ್ದು, ಒಂದು ಕಡೆಯಿಂದ. ಆ ಬೆರಳಿನ ಉಗುರಿನ ಬುಡದಲ್ಲಿ ನೀಲಿ ಶಾಯಿ. ಅವರು ನಿವೃತ್ತರಾದಾಗ ಆಫೀಸಿನವರು ಆ ಫೋಟೊವನ್ನೇ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕೊಟ್ಟರಂತೆ. ಇಂಥದ್ದನ್ನು ಹೊರಗಿನಿಂದ ಬಂದ ಯಾವ ವೃತ್ತಿಪರನೂ ತೆಗೆಯಲಾರ. ಆ ಬೆರಳು ಎಲ್ಲಿ ನಿಲ್ಲುತ್ತದೆ ಅಂತ ಗೊತ್ತಿರುವುದು ಪಕ್ಕದ ಟೇಬಲ್ಲಿನವರಿಗೆ ಮಾತ್ರ.

ಆದರೆ ಮೊದಲು ಅನುಮತಿ. ಎರಡು ಕಡೆಯಿಂದ ಬೇಕು. ಒಂದು, ಸಂಸ್ಥೆಯದ್ದು. ಎಷ್ಟೋ ಆಫೀಸುಗಳಲ್ಲಿ ಒಳಗೆ ಕ್ಯಾಮೆರಾ ತರುವುದಕ್ಕೇ ನಿಷೇಧ ಇರುತ್ತದೆ. ನಿಮ್ಮದು ಲೆಕ್ಕಪತ್ರದ ಕೆಲಸ, ಆದ್ದರಿಂದ ಇನ್ನೂ ಹುಷಾರಾಗಿರಬೇಕು. ಕಂಪ್ಯೂಟರ್ ಪರದೆ, ಗೋಡೆಯ ಬಿಳಿ ಬೋರ್ಡು, ಟೇಬಲ್ ಮೇಲಿನ ಕಾಗದ, ಕೊರಳಿನ ಗುರುತಿನ ಚೀಟಿ, ಪಾಸ್‌ವರ್ಡ್ ಬರೆದು ಅಂಟಿಸಿದ ಚೀಟಿ. ಈಗಿನ ಕ್ಯಾಮೆರಾದಲ್ಲಿ ಇವೆಲ್ಲ ದೊಡ್ಡದು ಮಾಡಿದರೆ ಓದುವಷ್ಟು ಸ್ಪಷ್ಟವಾಗಿ ಬರುತ್ತವೆ. ಮೇಲಿನವರನ್ನು ಕೇಳಿ, ಸಾಧ್ಯವಾದರೆ ಒಂದು ಸಾಲಿನ ಇಮೇಲ್ ಉತ್ತರ ತರಿಸಿಕೊಳ್ಳಿ. ಆಗಲ್ಲ ಅಂದರೆ ಆಗಲ್ಲ. ಊಟದ ಬಿಡುವು, ಗೇಟಿನ ಹೊರಗೆ ಬಸ್ಸಿಗೆ ಕಾಯುವ ಹೊತ್ತು ನಿಮ್ಮದೇ ಇರುತ್ತದೆ.

ಎರಡನೆಯದು ಆ ವ್ಯಕ್ತಿಯದ್ದು. ಈಗಿನ ಕ್ಯಾಮೆರಾಗಳಲ್ಲಿ ಸದ್ದೇ ಬಾರದ ಶಟರ್ ಇದೆ. ತೆಗೆದದ್ದು ಗೊತ್ತಾಗಲಿಲ್ಲ ಅಂದ ಮಾತ್ರಕ್ಕೆ ಒಪ್ಪಿಗೆ ಸಿಕ್ಕಿತು ಅಂತ ಅರ್ಥ ಅಲ್ಲ. ನಿಮಗಿಂತ ಕೆಳಗಿನ ಹುದ್ದೆಯಲ್ಲಿ ಇರುವವರಿಗೆ ‘ಬೇಡ’ ಅನ್ನುವುದು ಕಷ್ಟ. ಅವರ ಮುಖ ನೋಡಿ ಅರ್ಥ ಮಾಡಿಕೊಳ್ಳುವ ಹೊಣೆ ನಿಮ್ಮದು. ತೆಗೆದ ತಕ್ಷಣ ಹಿಂದಿನ ಪರದೆಯಲ್ಲಿ ತೋರಿಸಿ. ‘ಇದು ಬೇಡ’ ಅಂದರೆ ಅವರ ಎದುರಿಗೇ ಅಳಿಸಿ. ಎರಡು ಸಲ ಹೀಗೆ ಮಾಡಿದರೆ ನಿಮ್ಮ ಕ್ಯಾಮೆರಾ ಕಂಡು ಯಾರೂ ಮುಖ ತಿರುಗಿಸುವುದಿಲ್ಲ.

ತಾಂತ್ರಿಕವಾಗಿ ಆಫೀಸಿನಲ್ಲಿ ಎಲ್ಲರಿಗೂ ಕಾಟ ಕೊಡುವುದು ಚಾವಣಿಯ ದೀಪ. ನಮ್ಮ ಕಣ್ಣಿಗೆ ಸ್ಥಿರವಾಗಿ ಕಂಡರೂ ಅನೇಕ ಟ್ಯೂಬ್‌ಲೈಟ್ ಮತ್ತು ಎಲ್ಇಡಿ ದೀಪಗಳು ಮಿನುಗುತ್ತಿರುತ್ತವೆ. ವಿದ್ಯುತ್ತು 50 ಹರ್ಟ್ಸ್ ಇರುವ ದೇಶಗಳಲ್ಲಿ ಸೆಕೆಂಡಿಗೆ 100 ಸಲ, 60 ಹರ್ಟ್ಸ್ ಇರುವ ಕಡೆ 120 ಸಲ. ಶಟರ್ 1/500ಕ್ಕೆ ಇಟ್ಟರೆ ಒಂದು ಫೋಟೊ ಬೆಳ್ಳಗೆ, ಮುಂದಿನದು ಹಳದಿಗೆ ಬರುತ್ತದೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಆದರೆ ಫೋಟೊ ತುಂಬಾ ಅಡ್ಡ ಪಟ್ಟೆಗಳು. ಕ್ಯಾಮೆರಾ ಕೆಟ್ಟಿದೆ ಅಂದುಕೊಂಡು ರಿಪೇರಿಗೆ ಒಯ್ದವರಿದ್ದಾರೆ. ಮದ್ದು ಸುಲಭ. 50 ಹರ್ಟ್ಸ್ ಇರುವ ಕಡೆ 1/100 ಅಥವಾ 1/50, 60 ಹರ್ಟ್ಸ್ ಇರುವ ಕಡೆ 1/125 ಅಥವಾ 1/60. ಆಗ ಒಂದೊಂದು ಫೋಟೊದಲ್ಲೂ ದೀಪದ ಒಂದು ಪೂರ್ತಿ ಮಿನುಗು ಅಡಗುತ್ತದೆ. ಕೂತು ಮಾತಾಡುವವರಿಗೆ 1/100 ಸಾಕು. ಬೇರೆ ಲಯದಲ್ಲಿ ಮಿನುಗುವ ಕೆಲವು ಎಲ್ಇಡಿಗಳಿಗೆ ಈ ಲೆಕ್ಕ ಹೊಂದದಿರಬಹುದು. ಆಗ ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಮೆಕ್ಯಾನಿಕಲ್ ಶಟರಿಗೆ ಬನ್ನಿ. ಇನ್ನೂ ಒಳ್ಳೆಯದು ಅಂದರೆ ನಿಮ್ಮ ಮನುಷ್ಯನನ್ನು ಕಿಟಕಿಯ ಹತ್ತಿರ ಕೂರಿಸಿ, ತಲೆ ಮೇಲಿನ ದೀಪ ಒಂದು ನಿಮಿಷ ಆರಿಸಿ. ಕಿಟಕಿಯ ಬೆಳಕೂ ದೀಪದ ಬೆಳಕೂ ಬೆರೆತರೆ ಮುಖದ ಒಂದು ಕಡೆ ನೀಲಿ, ಇನ್ನೊಂದು ಕಡೆ ಹಸಿರು. ಅದನ್ನು ಆಮೇಲೆ ಎಡಿಟ್‌ನಲ್ಲಿ ಸರಿ ಮಾಡುವುದು ದೊಡ್ಡ ತಲೆನೋವು.

ಕಾರ್ಯಕ್ರಮದ ಫೋಟೊ ತೆಗೆಯುವ ಬಗ್ಗೆ ಬರೆದಿದ್ದೀರಿ. ಪೂರ್ತಿ ಒಲ್ಲೆ ಅನ್ನಬೇಡಿ, ಪೂರ್ತಿ ಹೂಂ ಅಂತಲೂ ಅನ್ನಬೇಡಿ. ಮೊದಲೇ ಮಾತಾಡಿಕೊಳ್ಳಿ. ‘ಮೊದಲ ಅರ್ಧ ಗಂಟೆ ತೆಗೀತೀನಿ, ಆಮೇಲೆ ನಾನೂ ನಿಮ್ಮ ಜೊತೆ ಕೂರ್ತೀನಿ.’ ಇದನ್ನು ನಗುತ್ತಾ, ಕಾರ್ಯಕ್ರಮದ ಹಿಂದಿನ ದಿನವೇ ಹೇಳಿ. ಹೊತ್ತು ಮುಗಿದ ಮೇಲೆ ಕ್ಯಾಮೆರಾ ಚೀಲಕ್ಕೆ ಹಾಕಿ ಜಿಪ್ ಎಳೆಯಿರಿ. ಕೊರಳಲ್ಲಿ ನೇತಾಡುತ್ತಿದ್ದರೆ ಯಾರಾದರೂ ಕರೆದೇ ಕರೆಯುತ್ತಾರೆ. ಇನ್ನು ‘ಯಾವಾಗ ಕೊಡ್ತೀಯ’ ಅನ್ನುವ ಕಾಟ. ಅದು ಬರುವುದು ನೀವು ಎಲ್ಲವನ್ನೂ ಚೆಂದ ಮಾಡಿ ಕೊಡಬೇಕು ಅಂತ ಕೂರುವುದರಿಂದ. ಅವರಿಗೆ ಬೇಕಾದದ್ದು ನಾಳೆಯೇ. ಹದಿನೈದು ಇಪ್ಪತ್ತು ಫೋಟೊ ಆರಿಸಿ, ಬೆಳಕು ಒಂದಿಷ್ಟು ಸರಿ ಮಾಡಿ, ಮರುದಿನ ಮಧ್ಯಾಹ್ನದ ಒಳಗೆ ಗುಂಪಿಗೆ ಕಳಿಸಿ ಕೈತೊಳೆದುಕೊಳ್ಳಿ. ಉಳಿದದ್ದನ್ನು ‘ಇನ್ನೂ ಇವೆ’ ಅಂತ ಬಾಯಿ ಬಿಟ್ಟು ಹೇಳಬೇಡಿ. ಯಾರೋ ಬಾಯಿ ತೆರೆದು ತಿನ್ನುವಾಗಿನದ್ದು, ಅಂಗಿ ಸರಿಮಾಡಿಕೊಳ್ಳುವಾಗಿನದ್ದು ಆರಿಸುವಾಗಲೇ ಹೋಗಬೇಕು. ನಿಮ್ಮ ಖಾತೆಯಲ್ಲಿ ಸಹೋದ್ಯೋಗಿಯ ಮುಖ ಹಾಕುವ ಮುಂಚೆ ಅವರನ್ನು ಮತ್ತೊಂದು ಸಲ ಕೇಳಿ. ತೆಗೆಯಲು ಒಪ್ಪಿದವರು ಊರಿಗೆಲ್ಲ ತೋರಿಸಲು ಒಪ್ಪಿದ್ದಾರೆ ಅಂತ ಅಲ್ಲ.

ಹೀಗೆ ಶುರುವಾದದ್ದು ‘ನನ್ನ ತಂಗಿ ಮದುವೆಗೆ ಬಂದು ತೆಗಿ’ ಅನ್ನುವಲ್ಲಿಗೆ ಹೋಗುತ್ತದೆ. ಅದಕ್ಕೆ ಬೇಡ ಅನ್ನಿ. ಮದುವೆಯಲ್ಲಿ ಎರಡನೇ ಅವಕಾಶ ಇಲ್ಲ. ಕ್ಯಾಮೆರಾ ನಿಂತರೆ ಬದಲಿ ಕ್ಯಾಮೆರಾ ಬೇಕು, ಮೆಮೊರಿ ಕಾರ್ಡ್ ಕೈಕೊಟ್ಟರೆ ಅದೇ ಹೊತ್ತಿಗೆ ಎರಡನೇ ಕಾರ್ಡಿನಲ್ಲೂ ಬರೆದಿರಬೇಕು. ‘ಅತಿಥಿಯಾಗಿ ಬರ್ತೀನಿ, ನಾಲ್ಕು ಒಳ್ಳೆ ಫೋಟೊ ಉಡುಗೊರೆ ಕೊಡ್ತೀನಿ’ ಅನ್ನಿ. ಸ್ನೇಹಕ್ಕೂ ಧಕ್ಕೆ ಇಲ್ಲ.

ಈಗ ಗೆಳೆಯರು. ನಿಮ್ಮ ಗೆಳೆಯ ಎಲ್ಲರ ಎದುರು ಹೇಳಿದ್ದು ನೋವಾಗಿದೆ ಅಂತ ಗೊತ್ತಾಗುತ್ತದೆ. ಆದರೂ ಅವರು ಹೇಳಿದ್ದನ್ನು ಹಾಗೇ ತೆಗೆದುಕೊಳ್ಳಿ. ‘ಕಾಯೋದು’ ಅಂದಿದ್ದಾರೆ. ‘ಫೋಟೊ’ ಅಂದಿಲ್ಲ. ಅವರ ಸಿಟ್ಟು ನಿಮ್ಮ ಹವ್ಯಾಸದ ಮೇಲಲ್ಲ, ಬಿಸಿಲಲ್ಲಿ ಸುಮ್ಮನೆ ನಿಂತದ್ದರ ಮೇಲೆ. ಕಾಯುವುದನ್ನು ತೆಗೆದುಹಾಕಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಇದಕ್ಕೆ ನಾನು ಎಲ್ಲರಿಗೂ ಹೇಳುವ ಒಂದು ಉಪಾಯ ಇದೆ: ಹಿಂದೆ ಉಳಿಯಬೇಡಿ, ಮುಂದೆ ಹೋಗಿ. ಹವ್ಯಾಸಿಗಳು ಸಾಮಾನ್ಯವಾಗಿ ಏನು ಮಾಡುತ್ತಾರೆ ನೋಡಿ. ಎಲ್ಲರ ಜೊತೆ ನಡೆಯುತ್ತಿರುತ್ತಾರೆ, ಏನೋ ಕಾಣುತ್ತದೆ, ನಿಲ್ಲುತ್ತಾರೆ. ಉಳಿದವರು ನೂರು ಹೆಜ್ಜೆ ಹೋಗಿ ತಿರುಗಿ ನೋಡಿ ಕಾಯುತ್ತಾರೆ. ಅದರ ಬದಲು ನೀವು ಎರಡು ನಿಮಿಷ ಬೇಗ ಹೊರಟು ಮುಂದೆ ನಡೆಯಿರಿ. ಏನಾದರೂ ಕಂಡರೆ ನಿಂತು ತೆಗೆಯಿರಿ. ನೀವು ತೆಗೆಯುವಷ್ಟರಲ್ಲಿ ಅವರು ಬಂದು ಸೇರುತ್ತಾರೆ. ಯಾರೂ ಯಾರಿಗೂ ಕಾಯಲಿಲ್ಲ. ಇದರಲ್ಲಿ ಇನ್ನೊಂದು ಲಾಭವೂ ಇದೆ. ಗೆಳೆಯರು ನಿಮ್ಮ ಕಡೆಗೆ ನಡೆದು ಬರುತ್ತಾರೆ. ಮುಖ ಕಾಣುತ್ತದೆ, ಮಾತು, ನಗು ಕಾಣುತ್ತದೆ, ಹಿಂದೆ ನೀವು ನೋಡಲು ಬಂದ ಜಾಗವೂ ಇರುತ್ತದೆ. ಹಿಂದೆ ಉಳಿದವರ ಕಾರ್ಡ್ ತೆಗೆದು ನೋಡಿದರೆ ಬರೀ ಗೆಳೆಯರ ಬೆನ್ನು.

ಇನ್ನೊಂದು, ನಿಮ್ಮ ಹೊತ್ತನ್ನು ಬೇರೆ ಮಾಡಿಕೊಳ್ಳಿ. ಫೋಟೊಕ್ಕೆ ಅತಿ ಒಳ್ಳೆ ಬೆಳಕು ಸೂರ್ಯ ದಿಗಂತದಿಂದ ಸುಮಾರು 6 ಡಿಗ್ರಿ ಮೇಲೇರುವವರೆಗೆ. ಸಮಭಾಜಕ ವೃತ್ತದ ಹತ್ತಿರ ಸೂರ್ಯ ಹೆಚ್ಚು ಕಡಿಮೆ ನೆಟ್ಟಗೆ ಏರುವುದರಿಂದ ಅದು ಅರ್ಧ ಗಂಟೆಯೂ ಇರುವುದಿಲ್ಲ. ಧ್ರುವಗಳ ಕಡೆ ಹೋದಷ್ಟೂ ಸೂರ್ಯ ಓರೆಯಾಗಿ ಏರುತ್ತಾನೆ, ಆ ಬೆಳಕು ಜಾಸ್ತಿ ಹೊತ್ತು ಉಳಿಯುತ್ತದೆ. ಎಲ್ಲೇ ಆಗಲಿ, ಆ ಹೊತ್ತಿಗೆ ನಿಮ್ಮ ಗೆಳೆಯರು ಹೊದ್ದು ಮಲಗಿರುತ್ತಾರೆ. ರಾತ್ರಿಯೇ ‘ನಾನು ಬೆಳಿಗ್ಗೆ ಐದಕ್ಕೆ ಹೋಗ್ತೀನಿ, ಎಂಟಕ್ಕೆ ತಿಂಡಿಗೆ ಸಿಗ್ತೀನಿ’ ಅಂತ ಹೇಳಿ. ಎಂಟು ಅಂದರೆ ಎಂಟಕ್ಕೇ ಬನ್ನಿ. ಒಂದು ಸಲ ಮಾತು ತಪ್ಪಿದರೂ ಈ ಏರ್ಪಾಡು ಕುಸಿಯುತ್ತದೆ. ಆ ಮೂರು ಗಂಟೆ ಪೂರ್ತಿ ನಿಮ್ಮದು. ಟ್ರೈಪಾಡ್ ಇಟ್ಟು ಒಂದೇ ಮರದ ಮುಂದೆ ಕೂರಬಹುದು. ಒಬ್ಬನೇ ಹೋಗಲಾ ಅಂತ ಕೇಳಿದಿರಲ್ಲ, ನಿಮಗೆ ಬೇಕಿದ್ದ ಏಕಾಂತ ಇದೇ ಇರಬಹುದು. ಇದಕ್ಕಾಗಿ ಇಡೀ ಪ್ರವಾಸವನ್ನೇ ಬೇರೆ ಮಾಡಬೇಕಾಗಿಲ್ಲ. ಹಕ್ಕಿ, ಕಾಡುಪ್ರಾಣಿ, ರಾತ್ರಿಯ ನಕ್ಷತ್ರ ಇಂಥದ್ದರ ಹುಚ್ಚು ಇದ್ದರೆ ಮಾತು ಬೇರೆ. ಅದಕ್ಕೆ ಗಂಟೆಗಟ್ಟಲೆ ಅಲ್ಲಾಡದೆ ಕೂರಬೇಕು. ಅದೇ ಹುಚ್ಚಿರುವ ಒಬ್ಬಿಬ್ಬರನ್ನು ಹುಡುಕಿಕೊಂಡು ಹೋಗಿ. ಉಳಿದ ಗೆಳೆಯರನ್ನು ಅಲ್ಲಿಗೆ ಎಳೆಯಬೇಡಿ.

ಬೆಳಿಗ್ಗೆ ಎಂಟರಿಂದ ಸಂಜೆವರೆಗೆ ನೀವು ಮೊದಲು ಗೆಳೆಯ, ಆಮೇಲೆ ಛಾಯಾಗ್ರಾಹಕ. ಆ ಹೊತ್ತಿನಲ್ಲಿ ಕ್ಯಾಮೆರಾ ತೆಗೆದರೆ ಅವರ ಕಡೆಗೇ ತಿರುಗಲಿ. ಫ್ರಾನ್ಸಿನ ಜಾಕ್ ಆನ್ರಿ ಲಾರ್ತಿಗ್ ಚಿತ್ರ ಬರೆಯುವವರು, ಫೋಟೊ ಅವರಿಗೂ ಹವ್ಯಾಸ. ಬಾಲಕನಾಗಿದ್ದಾಗಲೇ ಕ್ಯಾಮೆರಾ ಸಿಕ್ಕಿತು. ಮನೆಯವರು, ಗೆಳೆಯರು ಮೆಟ್ಟಿಲ ಮೇಲಿಂದ ಹಾರುವುದು, ತಾವೇ ಕಟ್ಟಿದ ಗಾಡಿ ಓಡಿಸುವುದು, ಹಾರುವ ಯಂತ್ರ ಮಾಡಲು ಹೋಗಿ ಬೀಳುವುದು, ಇವನ್ನೇ ತೆಗೆದರು. 1963ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯ ಆ ಫೋಟೊಗಳನ್ನು ಪ್ರದರ್ಶನಕ್ಕಿಟ್ಟಿತು. ಆಗ ಅವರಿಗೆ ಅರವತ್ತರ ಕೊನೆಯ ವಯಸ್ಸು. ಅಲ್ಲಿಯವರೆಗೆ ಅವು ಹೆಚ್ಚಾಗಿ ಮನೆಯ ಆಲ್ಬಂನಲ್ಲೇ ಇದ್ದವು. ನಿಮ್ಮ ಗೆಳೆಯರ ಗುಂಪಿನಲ್ಲೂ ಮೊದಲು ನೀರಿಗೆ ಹಾರುವವರು, ನಕ್ಷೆ ತಲೆಕೆಳಗೆ ಹಿಡಿಯುವವರು, ಕಾರಿನಲ್ಲಿ ಬಾಯಿ ತೆರೆದು ನಿದ್ದೆ ಹೋಗುವವರು ಇದ್ದೇ ಇರುತ್ತಾರೆ. ನೀವು ತೆಗೆದ ಸೂರ್ಯಾಸ್ತದಂಥದ್ದು ಬೇರೆಯವರ ಹತ್ತಿರ ಸಾವಿರ ಇವೆ. ಇದು ಬೇರೆ ಯಾರ ಹತ್ತಿರವೂ ಇಲ್ಲ.

ಎಲ್ಲವನ್ನೂ ತೆಗೆಯುತ್ತಾ ಹೋದರೆ ನೀವೇ ಸರಿಯಾಗಿ ನೋಡುವುದಿಲ್ಲ ಅನ್ನುವುದಕ್ಕೂ ಒಂದು ಸಾಕ್ಷಿ ಇದೆ. ಅಮೆರಿಕದ ಮನೋವಿಜ್ಞಾನಿ ಲಿಂಡಾ ಹೆಂಕೆಲ್ 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವಿದ್ಯಾರ್ಥಿಗಳನ್ನು ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದು ಕೆಲವನ್ನು ಬರೀ ನೋಡಿ, ಕೆಲವನ್ನು ಫೋಟೊ ತೆಗೆಯಿರಿ ಅಂದರು. ಮರುದಿನ ಕೇಳಿದಾಗ ಫೋಟೊ ತೆಗೆದ ವಸ್ತುಗಳೇ ಕಡಿಮೆ ನೆನಪಿದ್ದವು. ಆದರೆ ವಸ್ತುವಿನ ಒಂದು ಭಾಗವನ್ನು ಜೂಮ್ ಮಾಡಿ ತೆಗೆದವರಿಗೆ ಹಾಗಾಗಲಿಲ್ಲ. ಅವರ ನೆನಪು ಕುಂದಿರಲಿಲ್ಲ. ನಿಮ್ಮ ಎರಡು ಸಾವಿರ ಫೋಟೊಗೆ ಇದರಲ್ಲಿ ಉತ್ತರ ಇದೆ. ಬಾಗಿಲು ಪೂರ್ತಿ ಬಂತಾ ಅಂತ ಪಟಪಟ ಒತ್ತುವ ಬದಲು, ಆ ಬಾಗಿಲಲ್ಲಿ ನಿಮಗೆ ಇಷ್ಟವಾದದ್ದು ಏನು ಅಂತ ಒಂದು ಕ್ಷಣ ಕೇಳಿಕೊಳ್ಳಿ. ಚಿಲಕವಾ? ಜನ ಮುಟ್ಟಿ ಮುಟ್ಟಿ ನುಣುಪಾದ ಅಂಚಾ? ಅದನ್ನು ತೆಗೆಯಿರಿ. ಫೋಟೊ ಕಡಿಮೆಯಾಗುತ್ತದೆ, ನಿಲ್ಲುವ ಹೊತ್ತೂ ಕಡಿಮೆಯಾಗುತ್ತದೆ.

ಗುಂಪು ಫೋಟೊ ಇಲ್ಲದೆ ಪ್ರವಾಸ ಮುಗಿಸಬೇಡಿ. ಯಾರಾದರೂ ಒಬ್ಬರು ಕಣ್ಣು ಮುಚ್ಚಿರುವ ಸಮಸ್ಯೆಗೆ ಆಸ್ಟ್ರೇಲಿಯಾದ ಭೌತವಿಜ್ಞಾನಿ ಪಿಯರ್ಸ್ ಬಾರ್ನ್ಸ್ ಮತ್ತು ನಿಕ್ ಸ್ವೆನ್ಸನ್ ಲೆಕ್ಕ ಹಾಕಿ ಕೊಟ್ಟಿದ್ದಾರೆ. ಅದಕ್ಕೆ 2006ರಲ್ಲಿ ಇಗ್ ನೊಬೆಲ್ ಬಹುಮಾನವೂ ಬಂತು, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವಂಥದ್ದು ಅದು. ಗುಂಪು ಇಪ್ಪತ್ತಕ್ಕಿಂತ ಕಡಿಮೆ ಇದ್ದರೆ, ಒಳ್ಳೆ ಬೆಳಕಿನಲ್ಲಿ ಜನರ ಸಂಖ್ಯೆಯನ್ನು ಮೂರರಿಂದ ಭಾಗಿಸಿ, ಅಷ್ಟು ಫೋಟೊ ತೆಗೆಯಬೇಕು. ಬೆಳಕು ಕಡಿಮೆ ಇದ್ದರೆ ಎರಡರಿಂದ ಭಾಗಿಸಿ. ಒಂಬತ್ತು ಜನಕ್ಕೆ ಮೂರು, ಕತ್ತಲಲ್ಲಿ ಐದು. ಸೆಲ್ಫ್ ಟೈಮರ್‌ನಲ್ಲಿ ಒಂದಾದ ಮೇಲೊಂದು ಹಲವು ಫೋಟೊ ತೆಗೆಯುವ ಆಯ್ಕೆ ಇರುತ್ತದೆ, ಅದನ್ನು ಹಾಕಿ ನೀವೂ ಓಡಿಹೋಗಿ ನಿಲ್ಲಿ. ಅಗಲದ ಲೆನ್ಸ್ ಆದರೆ ತುದಿಯಲ್ಲಿ ನಿಂತವರ ಮುಖ ಎಳೆದಂತೆ ಬರುತ್ತದೆ. ನಾಲ್ಕು ಹೆಜ್ಜೆ ಹಿಂದೆ ಇಟ್ಟು ಎಲ್ಲರನ್ನೂ ಮಧ್ಯಕ್ಕೆ ತನ್ನಿ. ನಿಮಗೆ ವಾರ್ಷಿಕ ಪ್ರವಾಸದ ಗುಂಪು ಇದ್ದರೆ ಪ್ರತಿ ವರ್ಷ ಅದೇ ಸಾಲಿನಲ್ಲಿ ನಿಲ್ಲಿ. ಅಮೆರಿಕದ ಛಾಯಾಗ್ರಾಹಕ ನಿಕೊಲಸ್ ನಿಕ್ಸನ್ ತಮ್ಮ ಹೆಂಡತಿ ಮತ್ತು ಅವರ ಮೂವರು ಸೋದರಿಯರನ್ನು 1975ರಿಂದ ಪ್ರತಿ ವರ್ಷ ಹೀಗೆ, ಎಡದಿಂದ ಬಲಕ್ಕೆ ಅದೇ ಕ್ರಮದಲ್ಲಿ ತೆಗೆದರು. ನಾಲ್ಕು ದಶಕಕ್ಕೂ ಜಾಸ್ತಿ ನಡೆಯಿತು. ಒಂದೊಂದೇ ನೋಡಿದರೆ ನಾಲ್ಕು ಜನ ನಿಂತಿದ್ದಾರೆ, ಅಷ್ಟೇ. ಸಾಲಾಗಿ ಇಟ್ಟು ನೋಡಿದರೆ ಯಾರು ಯಾರ ಭುಜಕ್ಕೆ ಒರಗುತ್ತಾರೆ ಅನ್ನುವುದು ವರ್ಷದಿಂದ ವರ್ಷಕ್ಕೆ ಬದಲಾಗುವುದು ಕಾಣುತ್ತದೆ.

ನೀವೇ ಫೋಟೊದಲ್ಲಿ ಇಲ್ಲ ಅಂದಿರಿ. ಗುಂಪು ಫೋಟೊ ಒಂದರಿಂದ ಆ ಕೊರತೆ ತುಂಬುವುದಿಲ್ಲ. ದಿನಕ್ಕೆ ಅರ್ಧ ಗಂಟೆ ಕ್ಯಾಮೆರಾ ಬೇರೆಯವರ ಕೈಗೆ ಕೊಟ್ಟುಬಿಡಿ. ಪೂರ್ತಿ ಆಟೊದಲ್ಲಿಡಿ, ಮುಖ ಹುಡುಕಿ ಫೋಕಸ್ ಮಾಡುವ ಆಯ್ಕೆ ಆನ್ ಮಾಡಿ, ಪಟ್ಟಿ ಅವರ ಕೊರಳಿಗೆ ಹಾಕಿ, ಆಮೇಲೆ ಏನೂ ಹೇಳಬೇಡಿ. ಹೇಗೆ ಹಿಡಿಯಬೇಕು ಅಂತ ಪಾಠ ಶುರು ಮಾಡಿದರೆ ವಾಪಸ್ ಕೊಟ್ಟುಬಿಡುತ್ತಾರೆ. ಅವರು ತೆಗೆದದ್ದರಲ್ಲಿ ದಿಗಂತ ವಾಲಿರುತ್ತದೆ, ಯಾರದೋ ತಲೆ ಕತ್ತರಿಸಿರುತ್ತದೆ. ನಡುವೆ ನೀವು ನಿಮಗೇ ಗೊತ್ತಿಲ್ಲದಂತೆ ನಗುತ್ತಿರುವ ಒಂದು ಇರುತ್ತದೆ. ನಿಮ್ಮ ಮನೆಯವರಿಗೆ ಬೇಕಾದದ್ದು ಅದೇ.

ಪ್ರವಾಸದ ಸಾಮಾನಿನ ಬಗ್ಗೆ ಚುಟುಕಾಗಿ. ವಿಮಾನದಲ್ಲಿ ಬಿಡಿ ಲಿಥಿಯಂ ಬ್ಯಾಟರಿಗಳನ್ನು ಕೈಚೀಲದಲ್ಲೇ ಇಡಬೇಕು, ಚೆಕ್-ಇನ್‌ಗೆ ಕೊಡುವ ಪೆಟ್ಟಿಗೆಯಲ್ಲಿ ಇಡುವಂತಿಲ್ಲ. 100 ವ್ಯಾಟ್ ಅವರ್ (ಬ್ಯಾಟರಿ ಹಿಡಿದಿಡುವ ಶಕ್ತಿಯ ಅಳತೆ) ಮೀರಿದರೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. ಕ್ಯಾಮೆರಾದ ಬ್ಯಾಟರಿ ಸಾಮಾನ್ಯವಾಗಿ 20ರ ಒಳಗೇ ಇರುವುದರಿಂದ ಚಿಂತೆ ಇಲ್ಲ. ತುದಿಗಳಿಗೆ ಮುಚ್ಚಳ ಹಾಕಿ. ಬೇರೆ ದೇಶಕ್ಕೆ ಹೋದರೆ ಇಳಿದ ತಕ್ಷಣ ಕ್ಯಾಮೆರಾದ ಗಡಿಯಾರ ಸರಿ ಮಾಡಿ. ಆಮೇಲೆ ಗೆಳೆಯರ ಮೊಬೈಲಿನ ಫೋಟೊಗಳ ಜೊತೆ ಸೇರಿಸುವಾಗ ಬೆಳಗು ಸಂಜೆ ಅದಲು ಬದಲಾಗುವುದಿಲ್ಲ. ಆಗ ಹೇಳಿದ 50, 60 ಹರ್ಟ್ಸ್ ಲೆಕ್ಕವನ್ನೂ ಅಲ್ಲಿಯದ್ದಕ್ಕೆ ಬದಲಿಸಿ. ರಾತ್ರಿ ಮಲಗುವ ಮುಂಚೆ ಕಾರ್ಡನ್ನು ಇನ್ನೊಂದು ಕಡೆಗೆ ಕಾಪಿ ಮಾಡಿ. ಕಾರ್ಡೂ ಕಾಪಿಯೂ ಒಂದೇ ಚೀಲದಲ್ಲಿ ಬೇಡ. ಒಂದನ್ನು ಗೆಳೆಯರ ಚೀಲದಲ್ಲಿ ಇಡಿ.

ಮನೆಗೆ ಬಂದ ಮೇಲಿನ ಕೆಲಸವನ್ನು ಹವ್ಯಾಸಿಗಳು ಮುಂದೂಡುತ್ತಲೇ ಹೋಗುತ್ತಾರೆ. ಎರಡು ಸಾವಿರ ಫೋಟೊ ನೋಡಿದರೆ ಯಾರಿಗಾದರೂ ಕೈಕಾಲು ಆಡುವುದಿಲ್ಲ. ಎರಡು ಸುತ್ತು ಮಾಡಿ. ಮೊದಲ ಸುತ್ತಿನಲ್ಲಿ ಗೆಳೆಯರಿಗಾಗಿ ಮಾತ್ರ ನೋಡಿ. ಅವರು ಇರುವ ಮೂವತ್ತು ನಲವತ್ತು ಫೋಟೊ ಆರಿಸಿ ಎರಡು ಮೂರು ದಿನದಲ್ಲಿ ಕಳಿಸಿ. ವಾಟ್ಸಾಪಿನಲ್ಲಿ ಸುಮ್ನೆ ಕಳಿಸಿದರೆ ಫೋಟೊ ಕುಗ್ಗುತ್ತದೆ. ಪ್ರಿಂಟ್ ಹಾಕಿಸಬೇಕು ಅನ್ನುವವರಿಗೆ ಡಾಕ್ಯುಮೆಂಟ್ ಆಗಿ ಕಳಿಸಿ. ಆದರೆ ಹಾಗೆ ಕಳಿಸಿದಾಗ ಎಲ್ಲಿ ತೆಗೆದದ್ದು ಅನ್ನುವ ಮಾಹಿತಿಯೂ ಫೈಲಿನ ಜೊತೆ ಹೋಗಬಹುದು. ಮನೆಯಲ್ಲಿ ತೆಗೆದದ್ದಾದರೆ ಅದನ್ನು ಮೊದಲು ಅಳಿಸಿ. ಎರಡನೇ ಸುತ್ತು ನಿಮ್ಮ ಸ್ವಂತದ್ದು. ಅದಕ್ಕೆ ಆತುರ ಬೇಡ. ಒಂದೆರಡು ವಾರ ಬಿಟ್ಟು ಕೂತರೆ, ಆ ಜಾಗ ತಲುಪಲು ಪಟ್ಟ ಪಾಡು ಮರೆತು ಫೋಟೊ ಮಾತ್ರ ಕಾಣುತ್ತದೆ.

ಮತ್ತೆ, ಪ್ರಿಂಟ್ ಹಾಕಿಸಿ ಕೊಡಿ. ಮಿಲ್ಟನ್ ರೊಗೊವಿನ್ ಅಂತ ಅಮೆರಿಕದ ಬಫಲೊ ನಗರದಲ್ಲಿ ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವ ಕೆಲಸದಲ್ಲಿದ್ದವರು. 1972ರಲ್ಲಿ ತಮ್ಮ ಕೆಲಸದ ಜಾಗದ ಹತ್ತಿರದ ಬಡವರ ಬಡಾವಣೆಯಲ್ಲಿ ಜನರ ಫೋಟೊ ತೆಗೆಯಲು ಹೊರಟರು. ಮೊದಮೊದಲು ಜನ ಅನುಮಾನದಿಂದ ನೋಡಿದರು. ತೆಗೆದವರಿಗೆಲ್ಲ ಪ್ರಿಂಟ್ ಒಯ್ದು ಕೊಡುತ್ತಿದ್ದರು. ಅದರಿಂದಲೇ ವಿಶ್ವಾಸ ಬೆಳೆಯಿತು. 1980ರ ಮತ್ತು 1990ರ ದಶಕಗಳಲ್ಲಿ ಅದೇ ಜನರನ್ನು ಹುಡುಕಿಕೊಂಡು ಹೋಗಿ ಮತ್ತೆ ತೆಗೆದರು. ನೀವೂ ಆ ಸಿಟ್ಟಾದ ಗೆಳೆಯನ ಒಂದು ಒಳ್ಳೆ ಫೋಟೊವನ್ನು ಕಾಗದದ ಮೇಲೆ ಹಾಕಿಸಿ ಕೈಗೆ ಕೊಡಿ. ಆ ಎರಡು ಸಾವಿರದಲ್ಲಿ ಅವರದ್ದು ಒಂದಾದರೂ ಇರಬೇಕು. ಇಲ್ಲದಿದ್ದರೆ ಮುಂದಿನ ಪ್ರವಾಸಕ್ಕೆ ಕಾಯದೆ ಈ ಭಾನುವಾರವೇ ಹೋಗಿ ತೆಗೆಯಿರಿ.

ಲೆನ್ಸ್: ನಿಮ್ಮ ಹತ್ತಿರ ಜೂಮ್ ಇದ್ದರೆ ಹೊಸದು ತಗೊಳ್ಳುವ ಮುಂಚೆ ಅದನ್ನೇ 35 ಎಂಎಂಗೆ ಇಟ್ಟು, ಉಂಗುರ ತಿರುಗದ ಹಾಗೆ ಟೇಪ್ ಅಂಟಿಸಿ ಒಂದು ತಿಂಗಳು ಬಳಸಿ. ಎಪಿಎಸ್-ಸಿ (ಫುಲ್ ಫ್ರೇಮಿಗಿಂತ ಚಿಕ್ಕ ಸೆನ್ಸರ್ ಇರುವ) ಕ್ಯಾಮೆರಾ ಆದರೆ 23 ಅಥವಾ 24ಕ್ಕೆ ಇಡಿ, ಹೆಚ್ಚು ಕಡಿಮೆ ಅಷ್ಟೇ ಅಗಲ ಕಾಣುತ್ತದೆ. ಎದುರು ಕೂತ ಗೆಳೆಯ, ಅವರ ಟೇಬಲ್, ಹಿಂದಿನ ಕಿಟಕಿ ಮೂರೂ ಒಂದು ಫೋಟೊದಲ್ಲಿ ಬರುವ ಅಗಲ ಅದು. ತಿಂಗಳ ಕೊನೆಗೆ ‘ಇನ್ನೂ ಹತ್ತಿರ ಬೇಕಿತ್ತು’ ಅಂತ ಅನ್ನಿಸುತ್ತಿದ್ದರೆ 50ರದ್ದು (ಎಪಿಎಸ್-ಸಿ ಆದರೆ 33 ಅಥವಾ 35ರದ್ದು) ನೋಡಿ. ಸಾಕಾಯಿತು ಅನ್ನಿಸಿದರೆ ಅದೇ ಅಗಲದ, ಎಫ್ 2ರ ಒಂದು ಚಿಕ್ಕ ಲೆನ್ಸ್ ತಗೊಳ್ಳಿ. ಎಫ್ 1.4ರದ್ದಕ್ಕೆ ಜಾಸ್ತಿ ದುಡ್ಡು ಹಾಕಬೇಡಿ. ಅದು ಭಾರ ಇರುತ್ತದೆ, ಮತ್ತೆ ಬೀರು ಸೇರುತ್ತದೆ.